ಏಳನೆಯ ಹೋಳು

ಕ್ಲೆಮ್ ಟ್ರಾಂಟರ್ ಬ್ರೆಡ್ಡಿನ ಮೇಲೆ ಚಾಕುವಿನ ಮೊನೆಯಿಂದ ಆರನೆಯ ಗೆರೆ ಎಳೆಯುತ್ತಿದ್ದ. ಮೇಜಿನ ಸುತ್ತ ಕೂತ ಐವರ ಕಣ್ಣೂ ಆ ಮೊನೆಯ ಮೇಲೇ ನೆಟ್ಟಿತ್ತು. ಏಳು ಜನಕ್ಕೆ ದಿನಕ್ಕೊಂದು ಕಪ್ಪು ಬ್ರೆಡ್ಡು. ಜರ್ಮನರು ಅದಕ್ಕೆ ಮರದ ಪುಡಿ ಬೆರೆಸುತ್ತಾರೆಂದು ಎಲ್ಲರೂ ಬೈಯುತ್ತಿದ್ದರು, ಒಬ್ಬನೂ ಚೂರು ಬಿಡುತ್ತಿರಲಿಲ್ಲ. ಕೊಯ್ದವನು ಕೊನೆಗೆ ತೆಗೆದುಕೊಳ್ಳಬೇಕು ಎನ್ನುವುದು ಯುದ್ಧಕೈದಿಗಳ ಆ ಬ್ಯಾರಕ್ಕಿನ ಕಟ್ಟಳೆ. ಮಿಕ್ಕವರು ಇಸ್ಪೀಟಿನ ಎಲೆ ಎತ್ತಿ, ದೊಡ್ಡ ಎಲೆಯವನು ಮೊದಲು ಎಂದು ಆರಿಸಿಕೊಂಡ ಮೇಲೆ ಏನು ಉಳಿಯಿತೋ ಅದು ಕೊಯ್ದವನದು. ಹಾಗಾಗಿ ಎಂಥ ಆಸೆಬುರುಕನ ಕೈಯೂ ಚಾಕು ಹಿಡಿದಾಗ ನ್ಯಾಯವಾಗಿಯೇ ನಡೆಯುತ್ತಿತ್ತು. ಕ್ಲೆಮ್ ಆಸೆಬುರುಕನಲ್ಲ. ಯುದ್ಧಕ್ಕೆ ಮುಂಚೆ ಯಾರ್ಕ್‌ಶೈರಿನ ಒಂದು ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಆರು ವರ್ಷ ದುಡಿದವನು, ಯಾವುದೇ ಕೆಲಸದಲ್ಲಿ ಒಂದೆಳೆ ಆಚೀಚೆಯಾದರೆ ಅವನಿಗೆ ಮೈ ಉರಿಯುತ್ತಿತ್ತು.

ನಿಜವಾಗಿ ಕೋಣೆಯಲ್ಲಿದ್ದವರು ಆರೇ ಜನ. ಏಳನೆಯವನನ್ನು ನ್ಯುಮೋನಿಯಾ ಎಂದು ಹಿಂದಿನ ವಾರ ಆಸ್ಪತ್ರೆಗೆ ಒಯ್ದಿದ್ದರು. ಉಗ್ರಾಣದ ಜರ್ಮನನಿಗೆ ಅದಿನ್ನೂ ತಿಳಿದಿರಲಿಲ್ಲವಾದ್ದರಿಂದ ಏಳನೆಯ ಹೋಳು ದಿನವೂ ತಪ್ಪದೆ ಬರುತ್ತಿತ್ತು. ಅದಕ್ಕೂ ಎಲೆ ಎತ್ತುತ್ತಿದ್ದರು. "ದೇವರೇ, ಅವನು ಬೇಗ ಹುಷಾರಾಗ್ಲಿ, ಆದ್ರೆ ತೀರಾ ಬೇಗ ಬೇಡ," ಎಂದು ಲಸ್ಕ್ ಪ್ರತಿ ಸಂಜೆ ಕೈ ಮುಗಿದು ಪ್ರಾರ್ಥಿಸುತ್ತಿದ್ದ. ಲಸ್ಕ್ ಆ ಕೋಣೆಯ ವಿದೂಷಕ. ಅವನ ತಮಾಷೆಗೆ ದಿನವೂ ನಗುತ್ತಿದ್ದರು, ನಗುವುದಕ್ಕೆ ಬೇರೇನಿತ್ತು ಅಲ್ಲಿ?

ಆಗ ಬಾಗಿಲಲ್ಲಿ ನೆಡ್ ಗಾರ್ಬಟ್ ಕಾಣಿಸಿಕೊಂಡ. ಊರಿನಲ್ಲಿ ಮಾಂಸದಂಗಡಿಯವನು, ಇಲ್ಲಿ ಹೊಸ ಕೈದಿಗಳನ್ನು ಒರೆಗೆ ಹಚ್ಚುವವನು. ವಾಯುಸೇನೆಯಲ್ಲಿ ಕ್ಲೆಮ್‌ನ ಸ್ಕ್ವಾಡ್ರನ್ನಿನವನು ಎಂದು ಹೇಳಿಕೊಳ್ಳುವ ಒಬ್ಬ ಮಧ್ಯಾಹ್ನ ಬಂದಿದ್ದಾನೆ, ಬಂದು ಮುಖ ನೋಡು ಎಂದ. ಕ್ಲೆಮ್‌ಗೆ ಹಿಗ್ಗಾಯಿತು. ಚಾಕುವನ್ನು ಲಸ್ಕ್‌ನ ಕೈಗಿತ್ತು, ಕೋಟಿನ ಕಾಲರು ಎತ್ತಿಕೊಂಡು ಹಿಮಕ್ಕಿಳಿದ. ಅಲ್ಲಿ ಯಾರಿದ್ದಾರೆ, ಯಾರು ಹೋದರು, ಊರಿನಲ್ಲಿ ಬಿಯರು ಇನ್ನೂ ನೀರಾಗಿಯೇ ಇದೆಯೇ, ಇಂಥ ನೂರು ಪ್ರಶ್ನೆ ಅವನ ನಾಲಿಗೆಯ ತುದಿಯಲ್ಲಿದ್ದವು.

ದಾರಿಯಲ್ಲಿ ಗಾರ್ಬಟ್ ಗೊಣಗುತ್ತ ಬಂದ. ಹೊಸಬ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟಿದ್ದನಂತೆ. ವಿಮಾನ ನಿಲ್ದಾಣದ ಎದುರಿನ ಪಬ್ಬಿನ ಹೆಸರು, ಅಡುಗೆಮನೆಯ ಸಾರ್ಜೆಂಟನ ಕುಂಟು ಕಾಲು, ಎಲ್ಲ. "ಅದೇ ನನಗೆ ಹಿಡಿಸ್ಲಿಲ್ಲ," ಎಂದ. "ಅಕ್ಟೋಬರಲ್ಲಿ ಬಂದಿದ್ನಲ್ಲ, ಅವನೂ ಎಲ್ಲಾ ಸರಿಯಾಗೇ ಹೇಳಿದ್ದ."

ಅಕ್ಟೋಬರಿನವನನ್ನು ಯಾರೂ ಮರೆತಿರಲಿಲ್ಲ. ಕೆನಡಾದವನೆಂದು ಹೇಳಿಕೊಂಡು ಬಂದ, ಮೂರು ವಾರ ಇವರ ಜೊತೆ ಉಂಡ, ಹಾಡಿದ. ಒಂದು ಬೆಳಗ್ಗೆ ಜರ್ಮನರು ನೇರವಾಗಿ ಬಂದು ಪಾರಾಗಲು ಒಲೆಯ ಕೆಳಗೆ ತೋಡಿದ್ದ ಸುರಂಗಕ್ಕೆ ಕೈಯಿಟ್ಟರು. ಇಬ್ಬರನ್ನು ಎಳೆದೊಯ್ದರು, ಅವರು ಮತ್ತೆ ಬರಲಿಲ್ಲ. ಕೆನಡಾದವನೂ ಅವತ್ತೇ ಮಾಯ. ಅಂದಿನಿಂದ ಒಂದೇ ನಿಯಮ: ಹೊಸಬನ ಮುಖವನ್ನು ಅವನ ಸ್ಕ್ವಾಡ್ರನ್ನಿನವನೊಬ್ಬ ನೋಡಿ, ಹೌದು, ಇವನು ನಮ್ಮವನು ಎನ್ನಬೇಕು. ಇಲ್ಲವೆಂದರೆ ಅವನು ಶತ್ರು. ಮುಂದೇನು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬೆಂಕಿ ಆರಿಸಲು ನೀರು ತುಂಬಿಟ್ಟ ದೊಡ್ಡ ತೊಟ್ಟಿಯ ಕಡೆ ಸುಮ್ಮನೆ ನೋಡುತ್ತಿದ್ದರು.

ಬಚ್ಚಲುಮನೆಯಲ್ಲಿ ಮೂವರು ಒಬ್ಬನನ್ನು ನಡುವೆ ನಿಲ್ಲಿಸಿಕೊಂಡಿದ್ದರು. ಹುಬ್ಬು ಸುಟ್ಟುಹೋಗಿತ್ತು, ಎರಡೂ ಕೈಗೆ ಬೆರಳು ಕಾಣದಂತೆ ಪಟ್ಟಿ ಸುತ್ತಿತ್ತು, ಯಾರದೋ ಕೋಟು ಮೊಣಕಾಲವರೆಗೆ ಜೋಲುತ್ತಿತ್ತು. ಕ್ಲೆಮ್ ಒಳಗೆ ಬಂದದ್ದೇ ಆ ಮುಖ ಅರಳಿತು. ಮುಂದಿನ ಹಲ್ಲಿನ ಮೂಲೆ ಮುರಿದಿತ್ತು.

"ಲೋ ಬಾಲ," ಎಂದ ಅವನು. "ಬದುಕಿದೀಯಲ್ಲೋ!"

ಎದುರಿಗೆ ನಿಂತದ್ದು ಇಡ್ರಿಸ್ ಪ್ಯೂ. ಅವರ ಬಾಂಬರ್ ವಿಮಾನದ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ವೇಲ್ಸಿನವನು, ಸದಾ ಬೆರಳಿನಿಂದ ಏನನ್ನಾದರೂ ಟಕಟಕ ಕುಟ್ಟುತ್ತಿದ್ದವನು, ವಿಮಾನದ ಬಾಲದಲ್ಲಿ ಕೂರುವ ಗನ್ನರನಾದ ಕ್ಲೆಮ್‌ಗೆ ಬಾಲ ಎಂದು ಹೆಸರಿಟ್ಟವನು. ಇಡ್ರಿಸ್ ಸತ್ತು ನಾಲ್ಕು ತಿಂಗಳಾಗಿತ್ತು.

ಅವನು ಸತ್ತದ್ದು ಕ್ಲೆಮ್‌ಗೆ ಚೆನ್ನಾಗಿ ಗೊತ್ತಿತ್ತು. ಆಗಸ್ಟಿನ ಆ ರಾತ್ರಿ ಜರ್ಮನಿಯ ಮೇಲೆ ಎಡ ರೆಕ್ಕೆಯ ಎಂಜಿನ್ನಿಗೆ ಗುಂಡು ಬಿದ್ದು ಬೆಂಕಿ ಹತ್ತಿತ್ತು, ಜ್ವಾಲೆ ಇವನ ಗಾಜಿನ ಗೂಡಿನ ಪಕ್ಕದಲ್ಲೇ ಹಿಂದಕ್ಕೆ ಹರಿಯುತ್ತಿತ್ತು. ಕಿವಿಯ ಫೋನು ಸತ್ತಿತ್ತು. ಫೋನು ಕೆಟ್ಟರೆ ಇರಲಿ ಎಂದು ಗೂಡಿನಲ್ಲೊಂದು ಪುಟ್ಟ ಕೆಂಪು ದೀಪವಿತ್ತು. ಹತ್ತಿ ಹತ್ತಿ ಆರಿದರೆ ಬದುಕಿದ್ದೀಯಾ ಎಂದು ಕೇಳಿದಂತೆ, ಆರದೆ ಉರಿದರೆ ಹಾರು ಎಂದಂತೆ. ಅದು ವಿಮಾನ ನಡೆಸುವ ಅವರ ಸ್ಕಿಪ್ಪರ್ ಹೆಡ್ಲಿ ಸ್ಟೋರ್ ಮಾಡಿದ ಏರ್ಪಾಡು. ದೀಪ ಆರದೆ ಉರಿಯಿತು. ಕ್ಲೆಮ್ ಪ್ಯಾರಾಶೂಟು ಕಟ್ಟಿಕೊಂಡು ಹಿಮ್ಮೊಗವಾಗಿ ಉರುಳಿಬಿಟ್ಟ. ಕೆಳಗಿಳಿಯುವಾಗ ದೂರದ ಹೊಲದಲ್ಲಿ ಒಂದು ವಿಮಾನ ಬಿದ್ದು ಉರಿಯುವುದನ್ನು ಕಂಡ. ಆಮೇಲೆ ವಿಚಾರಣೆಯ ಒಂಟಿ ಕೋಣೆಯಲ್ಲಿ ಜರ್ಮನ್ ಅಧಿಕಾರಿ ಸಿಗರೇಟು ಕೊಟ್ಟು, ವಿಮಾನದಲ್ಲಿದ್ದ ಮಿಕ್ಕ ಆರು ಜನರ ಹೆಸರನ್ನು ಒಂದೊಂದಾಗಿ ಹೇಳಿ, ಆರೂ ಹೆಣ ಸಿಕ್ಕಿವೆ, ಇನ್ನು ಯಾರಿಗಾಗಿ ಬಾಯಿ ಮುಚ್ಚಿಕೊಂಡಿದ್ದೀಯಪ್ಪ ಎಂದು ಕೇಳಿದ್ದ. ಶತ್ರುವಿನ ಎದುರು ಕ್ಲೆಮ್ ಬಿಕ್ಕಿಬಿಕ್ಕಿ ಅತ್ತಿದ್ದ.

ಸೆಪ್ಟೆಂಬರಿನಲ್ಲಿ, ತಿಂಗಳಿಗೆ ಸಿಗುವ ಎರಡೇ ಕಾಗದಗಳಲ್ಲಿ ಒಂದನ್ನು ಅವನು ಸ್ಕಿಪ್ಪರನ ತಾಯಿಗೆ ಬರೆದ. ನಿಮ್ಮ ಮಗ ಕೊನೆಯವರೆಗೂ ವಿಮಾನವನ್ನು ನೆಟ್ಟಗೆ ಹಿಡಿದಿದ್ದ, ಅದರಿಂದಲೇ ನಾನು ಬದುಕಿದೆ ಎಂದು. ಬರೆದದ್ದನ್ನು ಕೋಣೆಯವರಿಗೆಲ್ಲ ಓದಿ ಹೇಳಿದ್ದ. ಗಾರ್ಬಟ್‌ನಂಥ ಗಾರ್ಬಟ್ ಕೂಡ ಮೂಗು ಒರೆಸಿಕೊಂಡಿದ್ದ. ಆರು ಜನ ಗೆಳೆಯರನ್ನು ಕಳೆದುಕೊಂಡವನು ಎಂದು ಬ್ಯಾರಕ್ಕಿನಲ್ಲಿ ಅವನಿಗೊಂದು ಗೌರವವಿತ್ತು. ಬೇಡವೆಂದರೂ ಒಲೆಯ ಹತ್ತಿರದ ಮಂಚವನ್ನು ಅವನಿಗೇ ಬಿಟ್ಟುಕೊಟ್ಟಿದ್ದರು.

"ಏನೋ," ಗಾರ್ಬಟ್ ಕೇಳಿದ, "ಗೊತ್ತಾ ಇವನು?"

"ಗೊತ್ತಿಲ್ಲ," ಎಂದ ಕ್ಲೆಮ್.

"ಸರಿಯಾಗಿ ನೋಡು."

"ನೋಡ್ದೆ. ಇವನು ಹೇಳ್ತಿರೋ ಮನುಷ್ಯ ಆಗಸ್ಟಲ್ಲೇ ಸತ್ತ."

ಇಡ್ರಿಸ್ ಜಗಳಕ್ಕೆ ಬರಲಿಲ್ಲ. ನಗು ಸ್ವಲ್ಪ ಹೊತ್ತು ಹಾಗೇ ಮುಖದ ಮೇಲಿತ್ತು, ಆಮೇಲೆ ಇಲ್ಲವಾಯಿತು. ಬಾಲ ಎಂದು ಕರೆದನಲ್ಲ ಎಂದು ಒಬ್ಬ ಅನುಮಾನ ಪಟ್ಟದ್ದಕ್ಕೆ, ಬಾಲದ ಗನ್ನರನಿಗೆ ಯಾವ ಸ್ಕ್ವಾಡ್ರನ್ನಿನಲ್ಲಾದರೂ ಹಾಗೆಯೇ ಕರೆಯುತ್ತಾರೆ ಎಂದು ಕ್ಲೆಮ್ ತಾನೇ ಮುಂದಾಗಿ ಹೇಳಿದ. ಹೇಳುವಾಗ ತನ್ನ ದನಿ ತನ್ನದಲ್ಲವೆನ್ನಿಸಿತು.

ಕಣ್ಣೆದುರಿಗೇ ಇರಲಿ ಎಂದು ಗಾರ್ಬಟ್ ಹೊಸಬನನ್ನು ಅದೇ ಕೋಣೆಯ ಖಾಲಿ ಮಂಚಕ್ಕೆ ಹಾಕಿದ.

ಮೂರು ದಿನ ಆ ಕೋಣೆಯಲ್ಲಿ ಮಾತು ಸತ್ತುಹೋಯಿತು. ಇಡ್ರಿಸ್ ಒಳಗೆ ಬಂದರೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಏಳನೆಯ ಹೋಳಿಗೆ ಈಗ ಎಲೆ ಎತ್ತುವುದಿಲ್ಲ. ಎಲ್ಲಕ್ಕಿಂತ ಸಣ್ಣದನ್ನು ಮೊದಲೇ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಡುತ್ತಿದ್ದರು. ಅವನು ಪಟ್ಟಿ ಸುತ್ತಿದ ಎರಡು ಅಂಗೈಗಳ ನಡುವೆ ಅದನ್ನು ಒತ್ತಿ ಹಿಡಿದು, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದ. ಸೂಪಿನ ತಟ್ಟೆ ಹಿಡಿಯಲು ಬಾರದೆ ನೆಲದ ಮೇಲಿಟ್ಟು ಬಗ್ಗಿ ಕುಡಿದ. ಒಬ್ಬನೂ ಏಳಲಿಲ್ಲ. ಪಾಪ ಅನ್ನಿಸದಿರಲು ಅವರೇನು ಕಲ್ಲುಗಳಲ್ಲ, ಆದರೆ ಅಕ್ಟೋಬರಿನವನ ಕೈಗೂ ಇಂಥದೇ ಪಟ್ಟಿಯಿತ್ತು.

ಇವನು ಇಡ್ರಿಸ್ ಅಲ್ಲ ಎಂದು ಕ್ಲೆಮ್ ತನಗೆ ತಾನೇ ವಾದ ಹೂಡಿ ನೋಡಿದ. ಜರ್ಮನರಿಗೆ ಏನು ಗೊತ್ತಿಲ್ಲ? ಅಂಥದೇ ಮುಖದವನನ್ನು ಹುಡುಕಿ, ಹಲ್ಲು ಮುರಿದು ಕಳಿಸಿರಬಹುದು. ಎರಡನೆಯ ದಿನ ಇಡ್ರಿಸ್ ಮಂಚದ ಮೇಲೆ ಕೂತು, ಬೆರಳಿಲ್ಲದ ಆ ಪಟ್ಟಿಯ ಉಂಡೆಯನ್ನೇ ತೊಡೆಯ ಮೇಲೆ ಮೆಲ್ಲಗೆ ಕುಟ್ಟುತ್ತಿದ್ದ. ಗಿಡ್ಡ, ಉದ್ದ, ಗಿಡ್ಡ, ವೈರ್‌ಲೆಸ್ಸಿನ ಸಂಕೇತದ ಹಾಗೆ. ಆ ಚಾಳಿಯನ್ನು ಯಾವ ಜರ್ಮನನೂ ಕಲಿಸಿರಲು ಸಾಧ್ಯವಿರಲಿಲ್ಲ. ಹಾಗೆ ನೋಡಿದರೆ ಕ್ಲೆಮ್‌ಗೆ ಬಚ್ಚಲುಮನೆಯಲ್ಲೇ ಗೊತ್ತಾಗಿತ್ತು.

ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದರೆ, ಇಡ್ರಿಸ್ ನಾಲ್ಕು ತಿಂಗಳ ಮೇಲೆ ಹಸಿ ಸುಟ್ಟಗಾಯದೊಡನೆ ಬಂದಿದ್ದಾನೆಂದರೆ ಅಧಿಕಾರಿ ಹೇಳಿದ ಆರು ಹೆಣ ಸುಳ್ಳು, ಹೊಲದಲ್ಲಿ ಉರಿದದ್ದು ಬೇರೆ ಯಾರದೋ ವಿಮಾನ, ತಮ್ಮದು ಅವತ್ತು ಬಿದ್ದಿಲ್ಲ. ವಿಮಾನ ಬಿದ್ದಿಲ್ಲವಾದರೆ ತಾನು ಹಾರಿದ್ದು ಎಂಥ ಹಾರಾಟ? ಗೆಳೆಯರನ್ನು ಬೆಂಕಿಯಲ್ಲಿ ಬಿಟ್ಟು ಓಡಿಹೋದವನಿಗೆ ಆ ಸೈನ್ಯದಲ್ಲಿ ಹೇಡಿ ಎಂಬ ಹೆಸರಿತ್ತು, ಅದನ್ನು ಕಡತದ ಮೇಲೆ ಬರೆಯುತ್ತಿದ್ದರು, ಸತ್ತರೂ ಅಳಿಸುತ್ತಿರಲಿಲ್ಲ. ಕ್ಲೆಮ್ ಕಂಬಳಿಯೊಳಗೆ ಮುಖ ಹುದುಗಿಸಿ ಮಲಗಿದ. ಇಡ್ರಿಸ್ ಸತ್ತೇ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಯೋಚನೆ ಬಂತು. ಬಂದದ್ದನ್ನು ಕಂಡು ಅವನಿಗೆ ಭಯವಾಯಿತು. ತಾನು ಇಂಥವನೆಂದು ಈ ಇಪ್ಪತ್ತಾರು ವರ್ಷದಲ್ಲಿ ಅವನಿಗೆ ತಿಳಿದೇ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನದ ಹಾಜರಿ ಮುಗಿದ ಮೇಲೆ ಗಾರ್ಬಟ್ ಅವನ ಪಕ್ಕಕ್ಕೆ ಬಂದು ನಿಂತ. ದೂರದಲ್ಲಿ ಒಬ್ಬನೇ ಹೋಗುತ್ತಿದ್ದ ಇಡ್ರಿಸ್‌ನನ್ನು ನೋಡುತ್ತ, "ನಾಳೆ ತೊಟ್ಟಿ ಹತ್ರ ಅವನನ್ನ ಮಾತಾಡಿಸ್ತೀವಿ," ಎಂದ. "ನೀನು ಬರೋದು ಬೇಡ. ನಿನ್ನ ಗೆಳೆಯನ ಹೆಸರು ಹಾಕ್ಕೊಂಡು ಬಂದಿದಾನಲ್ಲ, ನಿನಗೆ ನೋಡಕ್ಕಾಗಲ್ಲ."

ಎಂಥ ಒಳ್ಳೆಯ ಮಾತು! ಕ್ಲೆಮ್‌ಗೆ ಆ ಒಳ್ಳೆಯತನವೇ ಕಪಾಳಕ್ಕೆ ಹೊಡೆದಂತಾಯಿತು. ತೊಟ್ಟಿಯ ಮೇಲೆ ಮಂಜುಗಡ್ಡೆ ಕಟ್ಟಿತ್ತು, ಯಾರೋ ಆಗಲೇ ಒಂದು ಮೂಲೆಯಲ್ಲಿ ಅದನ್ನು ಒಡೆದಿದ್ದರು.

ತಂತಿಬೇಲಿಯ ಒಳಗಡೆ, ದಾಟಿದರೆ ಗುಂಡು ಹೊಡೆಯುವ ಮರದ ಪಟ್ಟಿಯ ಪಕ್ಕದಲ್ಲೇ, ಕೈದಿಗಳು ಸುತ್ತಿ ಸುತ್ತಿ ಸವೆಸಿದ ದಾರಿಯಿತ್ತು. ಇಡ್ರಿಸ್ ಅದರಲ್ಲಿ ನಡೆಯುತ್ತಿದ್ದ. ಕ್ಲೆಮ್ ಹೋಗಿ ಅವನ ಜೊತೆ ಹೆಜ್ಜೆ ಹಾಕಿದ. ಇಬ್ಬರೂ ಕಾವಲು ಗೋಪುರದ ಕೆಳಗೆ ದಾಟಿದರು.

"ನಿನ್ನ ಜೊತೆ ನಡೆದ್ರೆ ನನಗೂ ಅನುಮಾನ ಅಂಟುತ್ತೆ," ಎಂದ ಇಡ್ರಿಸ್ ಕೊನೆಗೆ. ಅನುಮಾನ ಯಾರ ಮೇಲೆ ಯಾರಿಂದ ಅಂಟಬೇಕು ಎನ್ನುವುದನ್ನು ಬೇಕೆಂದೇ ಹಿಂದುಮುಂದು ಮಾಡಿದ್ದ. ಅವನ ಚೇಷ್ಟೆಯೇ ಹಾಗೆ, ಸಾಯುವ ಹೊತ್ತಿಗೂ ಬಿಡುವವನಲ್ಲ.

"ಯಾಕೆ ಅವರಿಗೆ ಹೇಳ್ಲಿಲ್ಲ ನೀನು?"

"ಏನಂತ? ಇವನು ಸುಳ್ಳ, ನಾನು ಸತ್ಯವಂತ ಅಂತಲಾ? ಕೇಳೋರು ಯಾರೋ. ಬಾಗಿಲು ಹಾಕಿದ್ದೇ ನೀನು." ಸ್ವಲ್ಪ ದೂರ ನಡೆದು ಮತ್ತೆ ಹೇಳಿದ: "ಮೊದಲನೇ ದಿನ ಸಿಟ್ಟು ಬಂತು. ಎರಡನೇ ದಿನ ಅರ್ಥ ಆಯ್ತು. ನಾವೆಲ್ಲಾ ಸತ್ವಿ ಅಂತ ತಿಳ್ಕೊಂಡಿದ್ದೆ ಅಲ್ವಾ?"

ಕ್ಲೆಮ್ ತಲೆಯಾಡಿಸಿದ. ದೀಪ ಉರಿಯಿತು, ಆರದೆ ಉರಿಯಿತು, ಅದಕ್ಕೇ ಹಾರಿದೆ ಎಂದ. ಒಂದೇ ಮಾತನ್ನು ಮೂರು ಸಲ ಹೇಳಿದ.

ಇಡ್ರಿಸ್ ನಿಂತ. ಅವತ್ತು ಬಿದ್ದ ಮೊದಲ ಗುಂಡೇ ತನ್ನ ಕುರ್ಚಿಯ ಹಿಂದೆ ತಂತಿಗಳನ್ನೆಲ್ಲ ಕತ್ತರಿಸಿಬಿಟ್ಟಿತ್ತು, ಅಲ್ಲಿಂದ ಬಾಲದವರೆಗೆ ಒಂದು ದೀಪವೂ ಹತ್ತುವಂತಿರಲಿಲ್ಲ ಎಂದು ನಿಧಾನವಾಗಿ, ಕಾಯಿಲೆಯವನಿಗೆ ಹೇಳುವಂತೆ ಹೇಳಿದ. ಸ್ಕಿಪ್ಪರ್ ವಿಮಾನವನ್ನು ಕಡಿದಾಗಿ ಕೆಳಕ್ಕೆ ದುಮುಕಿಸಿದ, ಆ ಗಾಳಿಗೆ ಬೆಂಕಿ ಆರಿತು, ಮೂರು ಎಂಜಿನ್ನಿನಲ್ಲಿ ಮನೆ ಸೇರಿದೆವು. "ನಿನ್ನಿಂದ ಉತ್ತರ ಬರ್ಲಿಲ್ಲ ಅಂತ ಆಮ್ಲಜನಕದ ಬಾಟ್ಲಿ ಹಿಡ್ಕೊಂಡು ನಾನೇ ತೆವಳ್ಕೊಂಡು ಹಿಂದಕ್ಕೆ ಬಂದೆ ಕಣೋ. ಗಾಯ ಆಗಿರ್ಬೇಕು, ಎಳ್ಕೊಂಡು ಬರೋಣ ಅಂತ. ಬಾಗಿಲು ತೆಗೆದಿತ್ತು. ಬರೀ ಗಾಳಿ."

"ನಾನು ದೀಪ ನೋಡ್ದೆ, ಇಡ್ರಿಸ್."

"ನೋಡಿರ್ತೀಯ. ಪಕ್ಕದಲ್ಲೇ ಅಷ್ಟು ಬೆಂಕಿ ಇತ್ತಲ್ಲ."

ಕ್ಲೆಮ್ ಇದ್ದಲ್ಲೇ ನಿಂತುಬಿಟ್ಟ. ಸಿಗ್ನಲ್ ಕ್ಯಾಬಿನ್ನಿಗೆ ಸೇರಿದ ಮೊದಲ ವಾರವೇ ಮುದುಕ ಮೇಸ್ತ್ರಿ ಅವನನ್ನು ಏಣಿ ಹತ್ತಿಸಿ ತೋರಿಸಿದ್ದ. ದೀಪದ ಗಾಜಿನ ಮೇಲೆ ಈ ತಗಡಿನ ಮುಚ್ಚಿಗೆ ಯಾಕೆ ಗೊತ್ತೇನೋ? ಸಂಜೆಯ ಬಿಸಿಲು ನೇರವಾಗಿ ಬಿದ್ದರೆ ಆರಿದ ದೀಪವೂ ಉರಿದಂತೆ ಕಾಣುತ್ತೆ, ಡ್ರೈವರು ಮೋಸ ಹೋಗ್ತಾನೆ. ಆ ಮುಚ್ಚಿಗೆಗಳನ್ನು ಆರು ವರ್ಷ ತಾನೇ ಒರೆಸಿ ಬಣ್ಣ ಬಳಿದಿದ್ದ. ಗೂಡಿನ ಪುಟ್ಟ ದೀಪಕ್ಕೆ ಮುಚ್ಚಿಗೆ ಇರಲಿಲ್ಲ. ಸತ್ತ ದೀಪದ ಕೆಂಪು ಗಾಜಿನೊಳಗೆ ರೆಕ್ಕೆಯ ಬೆಂಕಿ ಕೂತಿತ್ತು, ಅಷ್ಟೇ. ಜಗತ್ತಿನಲ್ಲಿ ಯಾರಾದರೂ ಅದಕ್ಕೆ ಮೋಸ ಹೋಗಬಹುದಿತ್ತು, ತಾನು ಹೋಗಬಾರದಿತ್ತು. ಹಿಮದ ಮೇಲೆ ಕೂತುಬಿಡಬೇಕು ಎನ್ನಿಸಿತು. ಕೂತರೆ ಗೋಪುರದವನು ಕೂಗುತ್ತಾನೆ. ಇಡ್ರಿಸ್ ಪಟ್ಟಿಯ ಕೈಯಿಂದ ಅವನ ಮೊಣಕೈಯನ್ನು ತಳ್ಳಿ ಮುಂದಕ್ಕೆ ನಡೆಸಿದ.

ಆಮೇಲೆ ನಡೆದದ್ದನ್ನೂ ಇಡ್ರಿಸ್ ಹೇಳಿದ. ಕ್ಲೆಮ್‌ನ ಜಾಗಕ್ಕೆ ಬೀಸ್ಲಿ ಎಂಬ ಇನ್ನೊಬ್ಬ ಗನ್ನರ್ ಬಂದ, ಎರಡು ಮಕ್ಕಳ ತಂದೆ. ಅಕ್ಟೋಬರ್ ಕೊನೆಯಲ್ಲಿ ಸ್ಕಿಪ್ಪರನ ತಾಯಿ ಮಗನಿಗೊಂದು ಲಕೋಟೆ ಕಳಿಸಿದಳು. ಒಳಗೆ ಕ್ಲೆಮ್‌ನ ಕಾಗದ. ಸ್ಕಿಪ್ಪರ್ ಮಂಚದ ಮೇಲೆ ನಿಂತು, ಪಾದ್ರಿಯ ದನಿಯಲ್ಲಿ ತನ್ನ ಸಾವಿನ ಸುದ್ದಿಯನ್ನು ತಾನೇ ಎಲ್ಲರಿಗೂ ಓದಿದ. ಹೊಟ್ಟೆ ಹಿಡಿದುಕೊಂಡು ನಕ್ಕೆವು ಎಂದ ಇಡ್ರಿಸ್. ಬಾಲ ಬದುಕಿದ್ದಾನೆ ಎಂಬ ಸಂತೋಷವೂ ಅದರಲ್ಲಿತ್ತು. ನಗು ಮುಗಿದ ಮೇಲೆ ಸ್ಕಿಪ್ಪರ್ ಕಾಗದ ಮಡಚಿ ಎದೆಯ ಜೇಬಿಗಿಟ್ಟುಕೊಂಡ.

"ಏನಂದ ಗೊತ್ತಾ? 'ಬಾಲ ನನ್ನನ್ನ ಎಷ್ಟು ದೊಡ್ಡ ಮನುಷ್ಯ ಮಾಡ್ಬಿಟ್ಟಿದಾನೆ ನೋಡ್ರೋ. ಅಮ್ಮ ಬೇರೆ ಓದಿದಾಳೆ. ಇನ್ನು ಇದಕ್ಕಿಂತ ಕಡಿಮೆಯವನಾಗಿ ಸಾಯೋ ಹಾಗಿಲ್ಲ.'"

ಕ್ಲೆಮ್‌ಗೆ ಮುಂದಿನದು ಕೇಳಬೇಕೆನ್ನಿಸಲಿಲ್ಲ. ಇಡ್ರಿಸ್ ಬಿಡಲಿಲ್ಲ. ನವೆಂಬರಿನಲ್ಲಿ ಬಿತ್ತು. ಈ ಸಲ ನಿಜವಾಗಿ ಬಿತ್ತು. ಬೀಸ್ಲಿ ಬಾಲದಲ್ಲೇ ಸತ್ತ, ಕ್ಲೆಮ್‌ನ ಗೂಡಿನಲ್ಲಿ. ಇನ್ನೂ ಮೂವರು ಮೊದಲ ಗುಂಡಿಗೇ ಹೋದರು, ಒಬ್ಬನ ಪ್ಯಾರಾಶೂಟು ಬಿಚ್ಚಿಕೊಳ್ಳಲಿಲ್ಲ. ಉರಿಯುವ ಕಬ್ಬಿಣವನ್ನು ಬರಿಗೈಯಲ್ಲಿ ಎಳೆದು ಇಡ್ರಿಸ್ ದಾರಿ ಮಾಡಿಕೊಂಡು ಮುಂದೆ ಬಂದಾಗ ಸ್ಕಿಪ್ಪರ್ ಎರಡೂ ಕಾಲನ್ನು ಬಲವಾಗಿ ಊರಿ ಚುಕ್ಕಾಣಿ ಹಿಡಿದು ಕೂತಿದ್ದ. ಬಿಟ್ಟರೆ ವಿಮಾನ ತಿರುಗಿ ಬೀಳುತ್ತಿತ್ತು, ಯಾರೂ ಹಾರುವಂತಿರಲಿಲ್ಲ. "ಹೋಗು ಅಂತ ಗಲ್ಲದಲ್ಲೇ ಸನ್ನೆ ಮಾಡ್ದ. ನೆಟ್ಟಗೆ ಹಿಡಿದಿದ್ದ ಕಣೋ. ನೀನು ಬರೆದಿದ್ಯಲ್ಲ, ಹಾಗೇ."

ಕ್ಲೆಮ್ ಬೇಲಿಯಾಚೆಯ ಪೈನ್ ಮರಗಳನ್ನು ನೋಡುತ್ತ ನಿಂತ. ಅಳು ಬರಲಿಲ್ಲ. ವಿಚಾರಣೆಯ ಕೋಣೆಯಲ್ಲೇ ಎಲ್ಲ ಅತ್ತು ಮುಗಿಸಿಬಿಟ್ಟಿದ್ದ, ಬದುಕಿದ್ದವರಿಗಾಗಿ.

ಸಂಜೆ ನಾಲ್ಕಕ್ಕೆ ಬ್ರೆಡ್ಡು ಬಂತು. ಅವತ್ತು ಕೊಯ್ಯುವ ಸರದಿ ಲಸ್ಕ್‌ನದು. ಅವನು ಚಾಕು ಒರೆಸುತ್ತಿದ್ದಾಗ ಕ್ಲೆಮ್ ಬಾಗಿಲಿಗೆ ಹೋಗಿ ಗಾರ್ಬಟ್‌ನನ್ನು ಕರೆತಂದ. ಇಡ್ರಿಸ್ ತನ್ನ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ.

"ಇವನು ಇಡ್ರಿಸ್ ಪ್ಯೂ," ಎಂದ ಕ್ಲೆಮ್. "ನಮ್ಮ ವೈರ್‌ಲೆಸ್ಸಿನವನು. ನನಗೆ ಮೊದಲನೇ ದಿನವೇ ಗೊತ್ತಿತ್ತು."

ಗಾರ್ಬಟ್‌ನ ಮುಖ ಕಪ್ಪಿಟ್ಟಿತು. "ಮತ್ತೆ?"

ಕ್ಲೆಮ್ ಹೇಳಿದ. ವಿಮಾನ ಅವತ್ತು ಬೀಳಲಿಲ್ಲ, ಎಲ್ಲರೂ ಮನೆ ಸೇರಿದರು, ಹಾರು ಎಂದು ಯಾರೂ ಹೇಳಿರಲಿಲ್ಲ, ತಾನೊಬ್ಬನೇ ಹಾರಿದೆ. ಗಾಜು, ಬೆಂಕಿ, ಮುಚ್ಚಿಗೆ ಎಂಬ ಮಾತೆಲ್ಲ ಬಾಯಿಗೆ ಬಂದಿದ್ದವು, ನುಂಗಿಕೊಂಡ. ಇಡ್ರಿಸ್ ಬದುಕಿದ್ದರೆ ತನ್ನ ಮಾನ ಹೋಗುತ್ತದೆಂದು ಇಲ್ಲ ಎಂದೆ ಎನ್ನುವುದನ್ನೂ ಹೇಳಿಬಿಟ್ಟ. ಲಸ್ಕ್ ಏನಾದರೂ ತಮಾಷೆ ಮಾಡಬಹುದೆಂದು ಎಲ್ಲರೂ ಒಂದು ಗಳಿಗೆ ಕಾದರು. ಅವನು ಮೇಜನ್ನೇ ನೋಡುತ್ತಿದ್ದ.

"ನಾಳೆ ಬೆಳಗ್ಗೆ ಇವನನ್ನ ತೊಟ್ಟಿ ಹತ್ರ ಕರ್ಕೊಂಡು ಹೋಗ್ತಿದ್ದೆ," ಎಂದ ಗಾರ್ಬಟ್. ತನ್ನ ದಪ್ಪ ಕೈಗಳನ್ನು ನೋಡಿಕೊಂಡ. "ನನ್ನ ಕೈಲಿ ಮಾಡಿಸ್ತಿದ್ದೆ ನೀನು."

ಕ್ಲೆಮ್ ಹೌದೆಂದ. ಗಾರ್ಬಟ್ ಇಡ್ರಿಸ್‌ನ ಮಂಚದವರೆಗೆ ಹೋಗಿ, ಅವನ ಜಾರಿದ ಕೋಟನ್ನು ಹೆಗಲ ಮೇಲೆ ಸರಿಮಾಡಿ ಹೊರಟುಹೋದ.

ಲಸ್ಕ್ ಚಾಕುವನ್ನು ಮೇಜಿನ ಮೇಲೆ ಕ್ಲೆಮ್‌ನ ಕಡೆಗೆ ತಳ್ಳಿದ. ನೀನೇ ಕೊಯ್ಯಿ ಎಂದ. ಅದು ಶಿಕ್ಷೆಯೋ ನಂಬಿಕೆಯೋ ಅವನ ಮುಖದಲ್ಲಿ ಗೊತ್ತಾಗಲಿಲ್ಲ. ಇಡ್ರಿಸ್ ಎದ್ದು ಬಂದು ಖಾಲಿ ಸ್ಟೂಲಿನ ಮೇಲೆ ಕೂತ. ಕ್ಲೆಮ್ ಆರು ಗೆರೆ ಎಳೆದ. ಚಾಕು ಇಳಿಸಿ ನೋಡಿದರೆ, ಸಿಗ್ನಲ್ ಕ್ಯಾಬಿನ್ನಿನವನ ಹೋಳುಗಳು ಜೀವನದಲ್ಲಿ ಮೊದಲ ಸಲ ಒಂದರಂತೆ ಒಂದಿರಲಿಲ್ಲ. ಎಲೆ ಎತ್ತಿದರು. ಇಡ್ರಿಸ್‌ನ ಪರವಾಗಿ ಲಸ್ಕ್ ಎತ್ತಿದ: ಕಳಾವರ ಎರಡು, ಎಲ್ಲಕ್ಕಿಂತ ಸಣ್ಣದು.

"ನಿನ್ನ ಕೈಗಿಂತ ನನ್ನ ಕೈಯೇ ಸುಟ್ಟಿದೆ ನೋಡು," ಎಂದ ಲಸ್ಕ್.

ಐವರೂ ಆರಿಸಿಕೊಂಡರು. ಕೊನೆಗೆ ಹಲಗೆಯ ಮೇಲೆ ಎರಡು ಉಳಿದವು. ಒಂದು ತೆಳ್ಳಗೆ, ಇನ್ನೊಂದು ಅದಕ್ಕಿಂತ ಸ್ವಲ್ಪ ದಪ್ಪ. ಇಡ್ರಿಸ್ ಬಗ್ಗಿ ಎರಡನ್ನೂ ಚೆನ್ನಾಗಿ ನೋಡಿದ, ಆಮೇಲೆ ಅಂಗೈಗಳ ನಡುವೆ ದಪ್ಪನೆಯದನ್ನು ಒತ್ತಿ ಎತ್ತಿಕೊಂಡ. ಅವನ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು. ಕ್ಲೆಮ್‌ಗೆ ಆಗ ಅಳು ಬಂತು. ಎಲ್ಲರೂ ತಮ್ಮ ತಮ್ಮ ಹೋಳನ್ನು ನೋಡಿಕೊಂಡು ತಿಂದರು.

ತಿಂದಾದ ಮೇಲೆ ಇಡ್ರಿಸ್, ಈ ತಿಂಗಳ ಕಾಗದ ಉಳಿದಿದೆಯಾ ಎಂದು ಕೇಳಿದ. ಒಂದಿತ್ತು. ಸ್ಕಿಪ್ಪರನ ಅಮ್ಮನಿಗೆ ಸರ್ಕಾರದ ತಂತಿ ಹೋಗಿರುತ್ತೆ, ಅದರಲ್ಲಿ ಏನೂ ಬರೆದಿರಲ್ಲ, ತನ್ನ ಕೈಲಿ ಪೆನ್ಸಿಲು ಹಿಡಿಯಲಾಗುವುದಿಲ್ಲ ಎಂದ. ಕ್ಲೆಮ್ ಗೆರೆ ಹಾಕಿದ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಿಡಿಸಿಟ್ಟ. ಇಡ್ರಿಸ್ ಹೇಳುತ್ತ ಹೋದ, ಇವನು ಬರೆಯುತ್ತ ಹೋದ. ನಾನು ನಿಮ್ಮ ಮಗನ ವೈರ್‌ಲೆಸ್ಸಿನವನು, ಕೈ ಸುಟ್ಟಿರುವುದರಿಂದ ಬೇರೆಯವರಿಂದ ಬರೆಸುತ್ತಿದ್ದೇನೆ.

"ನಿಮ್ಮ ಮಗ ಕೊನೆವರೆಗೂ ವಿಮಾನಾನ ನೆಟ್ಟಗೆ ಹಿಡಿದಿದ್ದ," ಎಂದ ಇಡ್ರಿಸ್. "ಮುಂದಿಂದು ನಿನಗೆ ಗೊತ್ತಲ್ಲ."

ಆ ತಾಯಿಗೆ ಕ್ಲೆಮ್‌ನ ಈ ಅಕ್ಷರ ಸೆಪ್ಟೆಂಬರಿನ ಕಾಗದದಿಂದಲೇ ಪರಿಚಯವಿತ್ತು. ಕ್ಲೆಮ್ ಪೆನ್ಸಿಲಿನ ಮೊನೆಯನ್ನು ಹಾಳೆಗೆ ತಾಗಿಸಿ ಹಿಡಿದುಕೊಂಡೇ ಇದ್ದ. ಆಮೇಲೆ ಅದರಿಂದಲೇ ನಾನು ಬದುಕಿದೆ ಎಂದು ಬರೆದು, ಕೆಳಗೆ ಇಡ್ರಿಸ್ ಪ್ಯೂ ಎಂದು ಹಾಕಿದ. ಇಡ್ರಿಸ್ ಬಗ್ಗಿ, ಹಾಳೆಯ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರುಗಳನ್ನು ಪಟ್ಟಿಯ ಅಂಚಿನಿಂದ ಒಂದು ಕಡೆಗೆ ಗುಡಿಸತೊಡಗಿದ, ಒಂದೂ ಕೆಳಗೆ ಬೀಳದಂತೆ.